ಕರಿಬೇವಿನ ಗಿಡಕ್ಕೆ ಬಿಟ್ಟ ಕಣಜ

ಹ್ಯೂಸ್ಟನ್‌ನಲ್ಲಿ ನಾವಿದ್ದ ಮೂರು ವರ್ಷ ನಾನು ಸಂಬಳಕ್ಕೆ ಒಂದು ದಿನವೂ ಕೆಲಸ ಮಾಡಲಿಲ್ಲ. ಹೆಂಡತಿ ಅಲ್ಲಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಎಂಬ ವೈದ್ಯರ ತರಬೇತಿ ಮಾಡುತ್ತಿದ್ದಳು. ನಾನು ಅವಳ ಜೊತೆ ಬಂದವನು, ನನ್ನ ವೀಸಾದಲ್ಲಿ ದುಡಿಯುವ ಹಾಗಿರಲಿಲ್ಲ. ಬರುವ ಮುಂಚೆ ಮಂಡ್ಯ ಜಿಲ್ಲೆಯಲ್ಲಿ ಆರು ವರ್ಷ ಕೃಷಿ ಇಲಾಖೆಯಲ್ಲಿದ್ದೆ. ಬೈಕಿನ ಪೆಟ್ಟಿಗೆಯಲ್ಲಿ ಕಬ್ಬಿನ ಸುಳಿಕೊರಕ ಹುಳದ ಹತೋಟಿಗೆ ಹಂಚುವ ಕಾರ್ಡುಗಳನ್ನು ಇಟ್ಟುಕೊಂಡು ಹಳ್ಳಿ ಹಳ್ಳಿ ಸುತ್ತಿದವನು. ಅಂಚೆ ಕಾರ್ಡಿನಷ್ಟು ದಪ್ಪ ಕಾಗದ. ಅದರ ಮೇಲೆ ಮರಳಿನ ಹಾಗೆ ಅಂಟಿಸಿದ ಮೊಟ್ಟೆಗಳು, ಮೊಟ್ಟೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಜದ ಮರಿಗಳು. ಕಬ್ಬಿನ ಗರಿಯ ಅಡಿಗೆ ಕಾರ್ಡಿನ ತುಂಡು ಪಿನ್ ಮಾಡಿದರೆ ಒಂದೆರಡು ದಿನದಲ್ಲಿ ಕಣಜ ಹೊರಬಂದು ಕೊರಕದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ, ಅದರ ಮರಿ ಕೊರಕವನ್ನು ಮೊಟ್ಟೆಯಲ್ಲೇ ತಿಂದು ಮುಗಿಸುತ್ತದೆ. ರೈತರು ಮೊದಮೊದಲು ನಂಬುತ್ತಿರಲಿಲ್ಲ. "ಹುಳ ಸಾಯ್ಸೋಕೆ ಇನ್ನೊಂದು ಹುಳ ಬುಡ್ತೀರಾ ಸಾರ್?" ಎಂದು ಒಬ್ಬರಲ್ಲ ಒಬ್ಬರು ಕೇಳುವರು. ಆ ಪ್ರಶ್ನೆಗೆ ಉತ್ತರ ಹೇಳುವುದು ನನಗೆ ಇಷ್ಟದ ಕೆಲಸವಾಗಿತ್ತು.

ಹ್ಯೂಸ್ಟನ್‌ನಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಹೆಂಡತಿ ಬೆಳಗ್ಗೆ ಐದಕ್ಕೇ ಕಾರು ತೆಗೆದುಕೊಂಡು ಹೋದರೆ ಬರುವುದು ರಾತ್ರಿ ಎಂಟಕ್ಕೆ. ನಾನು ಸಾರು ಮಾಡುತ್ತಿದ್ದೆ, ಬಟ್ಟೆ ಒಗೆಯಲು ಹಾಕುತ್ತಿದ್ದೆ, ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಸುತ್ತ ನಾಲ್ಕು ಸುತ್ತು ನಡೆಯುತ್ತಿದ್ದೆ. ಕನ್ನಡದವರ ಕೂಟಗಳಿಗೆ ಹೋದರೆ ಗಂಡಸರು ಮೊದಲು ಕೇಳುವುದು ಯಾವ ಕಂಪನಿ ಎಂದು. "ಸದ್ಯ ಬ್ರೇಕ್‌ನಲ್ಲಿದ್ದೀನಿ" ಎನ್ನುತ್ತಿದ್ದೆ. ಅವರು ತಲೆಯಾಡಿಸಿ ಪಕ್ಕದವರ ಕಡೆ ತಿರುಗುತ್ತಿದ್ದರು. ಅವರದೇನೂ ತಪ್ಪಿಲ್ಲ. ನಾನೂ ಅವರ ಜಾಗದಲ್ಲಿದ್ದರೆ ಹಾಗೇ ಮಾಡುತ್ತಿದ್ದೆ.

ಮೊದಲ ವರ್ಷದ ಯುಗಾದಿ ಊಟ ಒಂದು ಶಾಲೆಯ ಹಾಲ್‌ನಲ್ಲಿತ್ತು. ಕೈ ತೊಳೆದು ಬರುವಾಗ ಬಾಗಿಲ ಪಕ್ಕದ ಮೇಜಿನ ಮೇಲೆ ಪೇಪರ್ ಟವೆಲ್ಲಿನಲ್ಲಿ ಸುತ್ತಿದ ಕರಿಬೇವಿನ ಕಟ್ಟುಗಳು ಕಂಡವು. ಮೇಜಿನ ಹಿಂದೆ ಎಪ್ಪತ್ತು ದಾಟಿದ ಒಬ್ಬ ಹೆಂಗಸು ಕೂತಿದ್ದರು. ಇಳಕಲ್ಲು ಸೀರೆ, ಕಾಲಿಗೆ ಬಿಳಿ ಸ್ಪೋರ್ಟ್ಸ್ ಶೂ. ಹೋಗಿಬರುವವರಿಗೆಲ್ಲ ಒಂದೊಂದು ಕಟ್ಟು ಕೊಡುತ್ತಿದ್ದರು. ಅವರ ಹಿತ್ತಲಿನ ಕರಿಬೇವು ಆ ಕಡೆಯ ಅರ್ಧ ಕನ್ನಡ ಮನೆಗಳ ಒಗ್ಗರಣೆಗೆ ಹೋಗುತ್ತದೆ ಎಂದು ಯಾರೋ ಹೇಳಿದರು. ಧಾರವಾಡದವರು. ಎಂಜಿನಿಯರ್ ಆಗಿದ್ದ ಗಂಡ ತೀರಿಕೊಂಡು ಕೆಲವು ವರ್ಷವಾಗಿತ್ತು. ಮಗಳು ಡಲ್ಲಾಸ್ ಹತ್ತಿರದ ಫ್ರಿಸ್ಕೋದಲ್ಲಿ. ಎಲ್ಲರೂ ಅವರನ್ನು ಆಂಟಿ ಎನ್ನುತ್ತಿದ್ದರು.

ನನ್ನ ಕೈಗೂ ಒಂದು ಕಟ್ಟು ಕೊಟ್ಟು, "ನೀವು ಮಂಡ್ಯಾ ಕಡೆಯವರಂತಲ್ರಿ?" ಎಂದರು.

"ಹೌದು ಆಂಟಿ."

"ಅಲ್ಲೆ ಏನ್ ಮಾಡ್ತಿದ್ರಿ?"

ಇಲ್ಲೇನು ಮಾಡುತ್ತೀರಿ ಎಂದು ಕೇಳಲಿಲ್ಲ. ಕೃಷಿ ಇಲಾಖೆಯಲ್ಲಿದ್ದೆ ಎಂದೆ. ಅವರು ಕೂತ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡರು. "ಹಂಗಾದ್ರ ನಮ್ಮ ಗಿಡ ಒಮ್ಮೆ ಬಂದು ನೋಡ್ರಿ. ಚಿಗುರು ಯಾಕೋ ಮುರುಟಲಿಕ್ಕತ್ತದ."

ಅವರ ಮನೆ ನಮ್ಮ ಅಪಾರ್ಟ್‌ಮೆಂಟಿನಿಂದ ಎರಡು ಮೈಲಿ. ಮಾರನೆಯ ದಿನವೇ ಹಳೆಯ ಸೈಕಲ್ಲಿನಲ್ಲಿ ಹೋದೆ. ಹಿತ್ತಲಿನ ಬೇಲಿಯ ಪಕ್ಕ ಗಿಡ ಎರಡಾಳು ಎತ್ತರಕ್ಕಿತ್ತು. ಚಳಿ ಬಿದ್ದ ರಾತ್ರಿಗಳಲ್ಲಿ ಹಳೆಯ ಚಾದರ ಹೊದಿಸಿ, ಕ್ರಿಸ್‌ಮಸ್ ದೀಪದ ಸರ ಸುತ್ತಿ ಬೆಚ್ಚಗಿಟ್ಟು ಬೆಳೆಸಿದ್ದಂತೆ. ಚಾದರ ಕಟ್ಟುತ್ತಿದ್ದ ಹಗ್ಗ ಇನ್ನೂ ಕಾಂಡಕ್ಕೆ ಇತ್ತು. ಒಂದು ರೆಂಬೆ ಬಗ್ಗಿಸಿ ಚಿಗುರು ನೋಡಿದೆ. ಎಳೆ ಎಲೆಗಳು ಸುರುಳಿ ಸುತ್ತಿಕೊಂಡಿದ್ದವು. ಅಡಿಯಲ್ಲಿ ಹಳದಿ ಬಣ್ಣದ ಚಪ್ಪಟೆ ಮರಿಹುಳಗಳು ಒತ್ತಾಗಿ ಕೂತು ಬಿಳಿ ಮೇಣದ ಎಳೆಗಳನ್ನು ಬಿಡುತ್ತಿದ್ದವು. ದೊಡ್ಡವು ಬಾಲ ಮೇಲೆತ್ತಿ, ತಲೆ ತಗ್ಗಿಸಿ ಓರೆಯಾಗಿ ಕೂತಿದ್ದವು. ಬೆರಳು ತಾಗಿದ್ದೇ ಪಟ್ಟನೆ ಹಾರಿದವು. ಊರಲ್ಲಿ ನಿಂಬೆ, ಕಿತ್ತಳೆ, ಕರಿಬೇವಿನ ಮೇಲೆ ಎಷ್ಟೋ ಸಲ ನೋಡಿದ್ದ ಹುಳ. ನಾವು ಸಿಲ್ಲಾ ಎನ್ನುತ್ತಿದ್ದೆವು. ಅದನ್ನು ಇಲ್ಲಿ ನೋಡಿ ನನಗೆ ಬಂದದ್ದು ಗಾಬರಿಯಲ್ಲ. ನಮ್ಮೂರಿನ ಯಾರೋ ಸಿಕ್ಕ ಹಾಗೆ ಒಂದು ಕ್ಷಣ ಸಂತೋಷವೇ ಆಯಿತು. ಆಮೇಲೆ ನಾಚಿಕೆಯಾಯಿತು.

ಯಾಕೆಂದರೆ ಈ ಹುಳ ರಸ ಹೀರುವುದಷ್ಟೇ ಅಲ್ಲ, ಕಿತ್ತಳೆ ಜಾತಿಯ ಗಿಡಗಳಿಗೆ ಒಂದು ರೋಗವನ್ನೂ ಹೊತ್ತು ತಿರುಗುತ್ತದೆ. ಆ ರೋಗಕ್ಕೆ ಮದ್ದಿಲ್ಲ. ಟೆಕ್ಸಾಸಿನ ದಕ್ಷಿಣದ ತೋಟಗಳವರು ಅದಕ್ಕೆ ಹೆದರಿ ಕೂತಿದ್ದರು. ಕರಿಬೇವಿಗೆ ಆ ರೋಗ ಏನೂ ಮಾಡದು, ಆದರೆ ಹುಳ ಅದರ ಮೇಲೆ ಸುಖವಾಗಿ ಸಂಸಾರ ಮಾಡುತ್ತದೆ. ಆಂಟಿ ಹಂಚುತ್ತಿದ್ದ ಒಂದೊಂದು ಕಟ್ಟಿನ ಜೊತೆಗೆ ಮೊಟ್ಟೆ, ಮರಿ ಎಲ್ಲವೂ ಊರೆಲ್ಲ ಹೋಗುತ್ತಿದ್ದವು. ಎಷ್ಟೋ ಹಿತ್ತಲುಗಳಲ್ಲಿ ಕಿತ್ತಳೆ, ನಿಂಬೆ ಇದ್ದವು.

"ಆಂಟಿ, ಸದ್ಯಕ್ಕೆ ಯಾರಿಗೂ ಎಲೆ ಕೊಡಬೇಡಿ" ಎಂದೆ.

ಅವರ ಮುಖ ಸಣ್ಣದಾಯಿತು. "ಇಪ್ಪತ್ತು ವರ್ಷ ಆತ್ರಿ ಕೊಡ್ಲಿಕ್ಕತ್ತು. ಒಬ್ಬರಿಗೂ ಹೊಟ್ಟಿ ನೋವು ಬಂದಿಲ್ಲ."

"ತಿನ್ನೋರಿಗೆ ಏನೂ ಆಗಲ್ಲ. ಅವರ ಮನೆ ಗಿಡಕ್ಕೆ ಆಗುತ್ತೆ."

ಅವರು ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದರು. ಖಾಲಿ ಕಪ್ಪು ತೆಗೆದುಕೊಳ್ಳುವಾಗ, "ಯಾರಿಗೆ ಫೋನ್ ಮಾಡ್ಬೇಕು, ಮಾಡ್ರಿ" ಎಂದರು.

ಕೌಂಟಿಯ, ಎಂದರೆ ಅಲ್ಲಿನ ಜಿಲ್ಲೆಯ, ಕೃಷಿ ಕಚೇರಿಗೆ ಫೋನ್ ಮಾಡಿದೆ. ಒಂದು ವಾರಕ್ಕೆ ಒಬ್ಬ ಅಧಿಕಾರಿ ಬಂದರು. ಐವತ್ತರ ಆಸುಪಾಸಿನ ಹೆಂಗಸು, ದಕ್ಷಿಣದ ಗಡಿ ಕಡೆಯವರು, ಅವರ ತಂದೆಗೆ ಕಿತ್ತಳೆ ತೋಟವಿತ್ತಂತೆ. ಲೆನ್ಸ್ ಇಟ್ಟುಕೊಂಡು ನೋಡಿ, ಮೂರು ದಾರಿ ಇವೆ ಎಂದರು. ಗಿಡ ಕಡಿಯಬಹುದು, ಔಷಧ ಹೊಡೆಯಬಹುದು, ಇಲ್ಲದಿದ್ದರೆ ಕಣಜ ಬಿಡಬಹುದು. ಮನೆ ಹಿತ್ತಲುಗಳಿಗೆ ಕಣಜ ಬಿಡುವ ಕೆಲಸ ಅವರ ಕಚೇರಿಯಿಂದ ನಡೆಯುತ್ತಿತ್ತು. ನಾನು ಕನ್ನಡದಲ್ಲಿ ಬಿಡಿಸಿ ಹೇಳಿದೆ. ಆಂಟಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು, ಆದರೂ ನನ್ನ ಬಾಯಿಂದ ಕೇಳಬೇಕಿತ್ತು.

"ಕಡಿಯೂದು ಬ್ಯಾಡ. ಔಷಧ ಹೊಡದ ಎಲಿ ನಾ ಯಾರಿಗೂ ಕೊಡಂಗಿಲ್ಲ" ಎಂದರು. ಆಮೇಲೆ, "ಕಣಜ ತಂದು ನಮ್ಮ ಹಿತ್ತಲದಾಗ ಬಿಡ್ತೀರೇನು? ನಮ್ಮ ಅಟ್ಟದಾಗಿನ ಕಣಜ ಕಡದು ನನ್ನ ತಮ್ಮನ ಮಾರಿ ಹಿಂಗ ಊದಿತ್ತು" ಎಂದು ಎರಡೂ ಕೈ ಕೆನ್ನೆಯಿಂದ ದೂರ ಹಿಡಿದು ತೋರಿಸಿದರು.

ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅಧಿಕಾರಿ ನಕ್ಕು ಅಂಗಿಯ ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಒಂದು ಚುಕ್ಕೆ ಇಟ್ಟರು. "ಇಷ್ಟೇ ಇರೋದು. ಇದಕ್ಕೆ ನಿಮ್ಮನ್ನು ಕಚ್ಚೋಕೆ ಬರೋದೂ ಇಲ್ಲ." ಸಿಲ್ಲಾ ಏಷ್ಯಾದಿಂದ ಬಂದದ್ದು, ಇಲ್ಲಿ ಅದನ್ನು ಹಿಡಿಯುವವರು ಇರಲಿಲ್ಲ, ಅದಕ್ಕೇ ಇಲ್ಲಿನ ವಿಜ್ಞಾನಿಗಳು ಅದನ್ನು ತಿನ್ನುವ ಕಣಜವನ್ನು ಹುಡುಕಿಕೊಂಡು ಪಾಕಿಸ್ತಾನದ ಪಂಜಾಬಿನವರೆಗೂ ಹೋಗಿ ತಂದರು ಎಂದರು.

ಆಂಟಿ ಸ್ವಲ್ಪ ಯೋಚಿಸಿ, "ಹಂಗಾದ್ರ ಅದಕ್ಕ ಕರಿಬೇವು ಗೊತ್ತಿರತದ. ಬಿಡ್ರಿ" ಎಂದರು.

ಕಣಜ ಬಂದದ್ದು ಏಪ್ರಿಲ್ ಕೊನೆಯ ಒಂದು ಬೆಳಗ್ಗೆ, ಬೆರಳುದ್ದದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ. ಮುಚ್ಚಳದ ಒಳಗೆ ಜೇನಿನ ಗೆರೆ ಎಳೆದಿದ್ದರು. ಬಿಸಿಲಿಗೆ ಹಿಡಿದಾಗ ಒಳಗೆ ಕರಿಯ ಧೂಳು ಓಡಾಡಿದ ಹಾಗಿತ್ತು. ಅದಕ್ಕೆ ಮುಂಚೆ ನಾನು ಗಿಡದ ಕಾಂಡಕ್ಕೆ ಅಂಟಿನ ಪಟ್ಟಿ ಸುತ್ತಿದ್ದೆ. ಸಿಲ್ಲಾದ ಮರಿಗಳು ಬಿಡುವ ಸಿಹಿ ನೀರಿಗೆ ಇರುವೆಗಳು ಬರುತ್ತವೆ, ಬಂದವು ಕಣಜವನ್ನು ಹತ್ತಿರ ಸೇರಿಸುವುದಿಲ್ಲ. ಅಧಿಕಾರಿ ಡಬ್ಬಿಯ ಮುಚ್ಚಳ ತೆಗೆದು ರೆಂಬೆಯ ಸಂದಿಗೆ ಸಿಕ್ಕಿಸಿದರು. ಧೂಳು ನಿಧಾನವಾಗಿ ಅಂಚಿಗೆ ಬಂದು ಇಲ್ಲವಾಯಿತು. ಆಂಟಿ ಸೆರಗು ಹೊದ್ದು ಐದು ನಿಮಿಷ ಹಾಗೇ ನಿಂತಿದ್ದರು. "ಆತೇನ್ರಿ?" ಎಂದರು. ಆಯಿತು ಎಂದೆ.

ಕೆಲಸ ಶುರುವಾದದ್ದು ಆಮೇಲೆ. ಗಿಡದ ಕೈಗೆಟುಕುವ ಹನ್ನೆರಡು ರೆಂಬೆಗಳಿಗೆ ಬಣ್ಣದ ದಾರ ಕಟ್ಟಿ, ಒಂದೊಂದರ ಮೇಲೆ ಎಷ್ಟು ಮರಿ ಬದುಕಿವೆ, ಎಷ್ಟು ಕಣಜಕ್ಕೆ ಸಿಕ್ಕಿವೆ ಎಂದು ವಾರಕ್ಕೆ ಎರಡು ಸಲ ಎಣಿಸಿ ಬರೆದಿಡಲು ಯಾರಾದರೂ ಬೇಕಿತ್ತು. ಸಂಬಳ ಇಲ್ಲ. ನಾನು ಮಾಡುತ್ತೇನೆ ಎಂದೆ. ಮಂಗಳವಾರ ಮತ್ತು ಶುಕ್ರವಾರ ಸೈಕಲ್ ಹತ್ತಿ ಹೋಗುತ್ತಿದ್ದೆ. ಹತ್ತು ತಿಂಗಳ ನಂತರ ಮೊದಲ ಬಾರಿಗೆ ನನಗೆ ಇಂಥ ವಾರ, ಇಷ್ಟು ಗಂಟೆಗೆ ಎಂದು ಹೋಗಲು ಒಂದು ಜಾಗವಿತ್ತು. ಹಿಂದಿನ ರಾತ್ರಿಯೇ ಅಂಗಿ ಇಸ್ತ್ರಿ ಮಾಡಿಡುತ್ತಿದ್ದೆ. ಹೆಂಡತಿ ಅದನ್ನು ನೋಡಿಯೂ ನೋಡದವಳ ಹಾಗಿರುತ್ತಿದ್ದಳು.

ಎಣಿಕೆ ಮುಗಿದ ಮೇಲೆ ಆಂಟಿ ಊಟಕ್ಕೆ ಕೂರಿಸುತ್ತಿದ್ದರು. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು, ಹಸಿ ಈರುಳ್ಳಿ. ಮುದ್ದೆ ತಿಂದು ಬೆಳೆದ ನನಗೆ ರೊಟ್ಟಿ ಮುರಿಯುವುದೂ ಸರಿಯಾಗಿ ಬರುತ್ತಿರಲಿಲ್ಲ. ಕಣಜ ಮರಿಹುಳದ ಹೊಟ್ಟೆಯ ಕೆಳಗೆ ಒಂದೇ ಒಂದು ಮೊಟ್ಟೆ ಇಡುತ್ತದೆ, ಅದರಿಂದ ಹೊರಬಂದ ಕೂಸು ಸಿಲ್ಲಾದ ಮರಿಯನ್ನು ಅಡಿಯಿಂದ ತಿಂದು ಬರೀ ಸಿಪ್ಪೆ ಉಳಿಸುತ್ತದೆ, ಸಿಪ್ಪೆ ಕಂದು ಬಣ್ಣಕ್ಕೆ ತಿರುಗಿ ಎಲೆಗೆ ಅಂಟಿಕೊಳ್ಳುತ್ತದೆ, ಕೊನೆಗೆ ಅದರ ಬೆನ್ನಿಗೆ ತೂತು ಮಾಡಿ ಕಣಜ ಹಾರಿಹೋಗುತ್ತದೆ ಎಂದು ಹೇಳಿದೆ. ಆಂಟಿ ರೊಟ್ಟಿ ಹಾಕುವ ಕೈ ನಿಲ್ಲಿಸಿ, "ಊಟದ ಮುಂದ ಇದನ್ನೇ ಹೇಳ್ಬೇಕೇನ್ರಿ?" ಎಂದರು. ಆದರೆ ಮುಂದಿನ ಮಂಗಳವಾರ ಅವರೇ ಕೇಳಿದರು, "ಆ ತೂತು ಯಾವಾಗ ಕಾಣ್ತದ?"

ಮೊದಲ ವಾರ ಏನೂ ಕಾಣಲಿಲ್ಲ. ಎರಡನೆಯ ವಾರ ಒಂದೆರಡು ಮರಿಗಳು ಕಂದಾದ ಹಾಗೆ ಕಂಡವು, ಖಚಿತವಾಗಿ ಹೇಳುವ ಹಾಗಿರಲಿಲ್ಲ. ಅದೇ ಹೊತ್ತಿಗೆ ಪರಿಚಯದವರ ಮನೆಯಲ್ಲಿ ಒಂದು ಸೀಮಂತ ಬಂತು. ಅಡುಗೆಗೆ ಕರಿಬೇವು ಕೊಡುತ್ತೇನೆ ಎಂದು ಆಂಟಿ ತಿಂಗಳುಗಳ ಹಿಂದೆಯೇ ಮಾತು ಕೊಟ್ಟಿದ್ದರು. ಶುಕ್ರವಾರ ನಾನು ಹೋದಾಗ ಹಿತ್ತಲಲ್ಲಿ ಬೇವಿನೆಣ್ಣೆಯ ವಾಸನೆ ಮೂಗಿಗೆ ಹೊಡೆಯಿತು. ಕೆಳಗಿನ ಎಲೆಗಳೆಲ್ಲ ಮಿರಮಿರ ಹೊಳೆಯುತ್ತಿದ್ದವು. ದಾರ ಕಟ್ಟಿದ ರೆಂಬೆಗಳ ಮೇಲೆ ಎಣ್ಣೆಗೆ ಬೆರೆಸಿದ್ದ ಸೋಪಿನ ನೊರೆ ಒಣಗಿತ್ತು. ಬದುಕಿದ್ದ ಮರಿ ಒಂದೂ ಇರಲಿಲ್ಲ. ಕಂದಾಗುತ್ತಿದ್ದವೂ ಕರಗಿ ಹೋಗಿದ್ದವು.

"ಬೇವಿನೆಣ್ಣಿ ಔಷಧ ಅಲ್ರಿ" ಎಂದರು ಆಂಟಿ, ನಾನು ಬಾಯಿ ಬಿಡುವ ಮುಂಚೆಯೇ.

ನನಗೆ ಎಲ್ಲಿತ್ತೋ ಆ ಸಿಟ್ಟು. "ಏನೂ ಹೊಡೀಬೇಡಿ ಅಂತ ಎಷ್ಟು ಸಲ ಹೇಳಿದ್ದೆ ಆಂಟಿ? ಅವರು ಅಷ್ಟು ದೂರದಿಂದ ತಂದು ಬಿಟ್ಟಿದ್ದು ಎಲ್ಲಾ ಹಾಳಾಯ್ತಲ್ಲ" ಎಂದೆ. ದನಿ ಏರಿತ್ತು. ಅವರು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ನಿಂತಿದ್ದರು. ಊಟ ಬೇಡವೆಂದು ಹೊರಟುಬಂದೆ. ದಾರಿಯಲ್ಲೆಲ್ಲ ಅವರು ಒಳಗೆ ತಾಟು ಹಾಕಿಟ್ಟಿದ್ದು ಕಣ್ಣಿಗೆ ಬರುತ್ತಿತ್ತು.

ಮುಂದಿನ ಮಂಗಳವಾರ ಹೋಗಲಿಲ್ಲ. ಶುಕ್ರವಾರವೂ ಹೋಗಲಿಲ್ಲ. ಅಧಿಕಾರಿಗೆ ಫೋನ್ ಮಾಡಿ ಹೇಳಬೇಕಿತ್ತು, ಅದನ್ನೂ ಮಾಡಲಿಲ್ಲ. ಭಾನುವಾರ ಹೆಂಡತಿಗೆ ರಜೆ. ಕಾಫಿ ಕುಡಿಯುತ್ತಾ ಅವಳು ಕೇಳಿದಳು, "ನಿನಗೆ ಕೋಪ ಬಂದಿದ್ದು ಆಂಟಿ ಮೇಲಾ, ಅಥವಾ ಹೋಗಕ್ಕೆ ಇದ್ದ ಒಂದು ಜಾಗ ಹೋಯ್ತಲ್ಲ ಅಂತಲಾ?"

ಅವಳ ಎರಡನೆಯ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಸೈಕಲ್ ಹತ್ತಲು ಮನಸ್ಸು ಬರಲಿಲ್ಲ. ಮಂಡ್ಯದಲ್ಲಿ ಒಬ್ಬ ರೈತ ಕಾರ್ಡು ಕಟ್ಟಿದ ಮೂರನೇ ದಿನಕ್ಕೇ ಔಷಧ ಹೊಡೆದಾಗ ನಾನು ನಕ್ಕು, ಮುಂದಿನ ಸಲ ಕಾಯಿರಿ ಎಂದು ಹೇಳಿ ಬಂದಿದ್ದೆ. ಆಗ ನನಗೆ ಹೋಗಲು ಇನ್ನೂ ನೂರು ಹೊಲಗಳಿದ್ದವು.

ಎರಡು ವಾರದ ಮೇಲೆ ಒಂದು ಬೆಳಗ್ಗೆ ಆಂಟಿಯ ಫೋನ್ ಬಂತು. ಹೇಗಿದ್ದೀರಿ ಎಂದೂ ಕೇಳಲಿಲ್ಲ. "ತಮ್ಮಾ, ತೂತು ಕಾಣ್ಲಿಕ್ಕತ್ತಾವ" ಎಂದರು. ಅವರು ನನ್ನನ್ನು ತಮ್ಮಾ ಎಂದದ್ದು ಅದೇ ಮೊದಲು.

ಹೋದೆ. ಗಿಡದ ಪಕ್ಕ ಮೂರು ಮೆಟ್ಟಿಲಿನ ಏಣಿ ಇತ್ತು, ಅದರ ಮೇಲೆ ನಾನು ಬಿಟ್ಟುಬಂದಿದ್ದ ಲೆನ್ಸ್. ಈ ವಯಸ್ಸಿನಲ್ಲಿ ಏಣಿ ಹತ್ತಿ ದಿನವೂ ನೋಡಿದ್ದರು. ಬೇವಿನೆಣ್ಣೆ ಹೊಡೆದ ದಿನ ಅವರ ಕೈಗೆ ಎಟುಕಿದ್ದು ಕೆಳಗಿನ ಅರ್ಧ ಮಾತ್ರ. ಮೇಲಿನ ಅರ್ಧಕ್ಕೆ ಒಂದು ಹನಿಯೂ ಬಿದ್ದಿರಲಿಲ್ಲ. ನಾನು ಸಿಟ್ಟಿನಲ್ಲಿ ಕತ್ತೆತ್ತಿಯೂ ನೋಡಿರಲಿಲ್ಲ. ಏಣಿ ಹತ್ತಿ ತುದಿಯ ಚಿಗುರು ಬಗ್ಗಿಸಿದೆ. ಸಿಪ್ಪೆಗಳು ಸಾಲಾಗಿ ಎಲೆಗೆ ಅಂಟಿದ್ದವು. ಒಂದೊಂದರ ಬೆನ್ನ ಮೇಲೂ ಸೂಜಿಯಿಂದ ಚುಚ್ಚಿದ ಹಾಗೆ ದುಂಡಗಿನ ತೂತು. ಎಣಿಸುತ್ತಾ ಹೋದೆ, ಅರ್ಧಕ್ಕೆ ತಪ್ಪಿತು, ಮತ್ತೆ ಮೊದಲಿಂದ ಎಣಿಸಿದೆ.

ಆಂಟಿ ಕೆಳಗಿನಿಂದ ಒಂದು ನೋಟ್‌ಬುಕ್ ಎತ್ತಿ ಕೊಟ್ಟರು. ಮೇಲಿನ ರೆಂಬೆಗಳಿಗೂ ದಾರ ಕಟ್ಟಿ, ನಾನು ಬರದ ದಿನಗಳದ್ದು ಅವರೇ ಬರೆದಿದ್ದರು, ಕನ್ನಡ ಅಂಕಿಗಳಲ್ಲಿ, ದಾರದ ಬಣ್ಣ ಹಾಕಿ. ಕೆಲವು ಕಡೆ "ಕಣ್ಣು ಸರಿ ಕಾಣಲಿಲ್ಲ" ಎಂದು ಪಕ್ಕದಲ್ಲಿ ಬರೆದಿತ್ತು.

"ಅವತ್ತು ನಾನು ಹಾಗೆ ಮಾತಾಡಬಾರದಿತ್ತು ಆಂಟಿ" ಎಂದೆ.

"ನಾ ಎಣ್ಣಿ ಹೊಡೀಬಾರದಿತ್ತು. ಇಳಿ ಇನ್ನ, ರೊಟ್ಟಿ ತಣ್ಣಗಾಗ್ತಾವ."

ಆ ಬೇಸಿಗೆ ಮುಗಿಯುವ ಹೊತ್ತಿಗೆ ಚಿಗುರುಗಳು ನೆಟ್ಟಗಾದವು. ಹುಳ ಪೂರ್ತಿ ಹೋಗಲಿಲ್ಲ. ಅಧಿಕಾರಿ ಅದನ್ನು ಮೊದಲೇ ಹೇಳಿದ್ದರು: ಕಣಜ ಎಲ್ಲವನ್ನೂ ಮುಗಿಸುವುದಿಲ್ಲ, ಮುಗಿಸಿದರೆ ನಾಳೆ ಅದಕ್ಕೇ ಊಟವಿಲ್ಲ. ಹಾಗಾಗಿ ಹಸಿ ಎಲೆ ಹಂಚುವುದು ಮತ್ತೆ ಶುರುವಾಗಲಿಲ್ಲ. ಆಂಟಿ ಅದಕ್ಕೆ ತಮ್ಮದೇ ದಾರಿ ಕಂಡುಕೊಂಡರು. ಎಲೆ ಬಿಡಿಸಿ, ತೊಳೆದು, ಬಾಣಲೆಯಲ್ಲಿ ಗರಿಗರಿಯಾಗಿ ಹುರಿದು, ಚಟ್ನಿಪುಡಿ ಮಾಡಿ ಸಣ್ಣ ಬಾಟಲಿಗಳಲ್ಲಿ ತುಂಬಿ ಕೂಟಗಳಿಗೆ ತರತೊಡಗಿದರು. ಅಧಿಕಾರಿಗೂ ಒಂದು ಬಾಟಲಿ ಕೊಟ್ಟರು. ಅದನ್ನು ಟೋರ್ಟಿಯಾದ ಮೇಲೆ ಉದುರಿಸಿಕೊಂಡು ತಿಂದೆ ಎಂದು ಅವರು ಮುಂದಿನ ಸಲ ಬಂದಾಗ ಹೇಳಿದರು. ಆಂಟಿ ನನ್ನ ಕಡೆ ತಿರುಗಿ, "ಅದೂ ರೊಟ್ಟಿನೇ ಅಲ್ಲೇನು" ಎಂದರು.

ಮತ್ತೆರಡು ವರ್ಷ ಹೀಗೇ ನಡೆಯಿತು. ಆ ದಿನಗಳನ್ನು ನೆನೆದರೆ ನನಗೆ ಮೊದಲು ಬರುವುದು ಹ್ಯೂಸ್ಟನ್ನಿನ ಬೆವರು, ಬೆನ್ನಿಗೆ ಅಂಟಿದ ಇಸ್ತ್ರಿ ಅಂಗಿ, ಆಂಟಿಯ ಅಡುಗೆಮನೆಯ ಕಿಟಕಿಯಿಂದ ಬರುತ್ತಿದ್ದ ರೇಡಿಯೋದ ಹವಾಮಾನ ವಾರ್ತೆ. ಇಬ್ಬರಿಗೂ ಬೇರೆ ಕೆಲಸವಿರಲಿಲ್ಲ ಎನ್ನುವುದೇ ಆ ಸ್ನೇಹದ ಅರ್ಧ ಪಾಲು. ಆಗ ಆ ಬಿಡುವು ನನಗೆ ಶಿಕ್ಷೆಯ ಹಾಗಿತ್ತು. ಈಗ ಅಂಥ ಒಂದು ಮಂಗಳವಾರ ಸಿಕ್ಕುವುದಿಲ್ಲ.

ರೆಸಿಡೆನ್ಸಿ ಮುಗಿದು ಹೆಂಡತಿಗೆ ಫ್ರಿಸ್ಕೋ ಕಡೆ ಕೆಲಸ ಸಿಕ್ಕಿತು. ಸಾಮಾನು ಕಟ್ಟಿದ ದಿನ ಆಂಟಿ ಅಪಾರ್ಟ್‌ಮೆಂಟಿಗೆ ಬಂದರು. ಕೈಯಲ್ಲಿ ಒಂದು ಕುಂಡ, ಅದರಲ್ಲಿ ಗೇಣುದ್ದದ ಕರಿಬೇವಿನ ಸಸಿ, ಸುತ್ತ ಸೊಳ್ಳೆಪರದೆಯ ಬಟ್ಟೆ ಹೊಲಿದಿದ್ದರು. "ಬೀಜದಿಂದ ಪರದೆ ಒಳಗೇ ಬೆಳಸೀನಿ. ಒಂದು ಹುಳ ಮುಟ್ಟಿಲ್ಲ" ಎಂದರು.

ಹ್ಯೂಸ್ಟನ್ ಕಡೆಯಿಂದ ಆ ಜಾತಿಯ ಗಿಡಗಳನ್ನು ಹೊರಗೆ ಒಯ್ಯಬಾರದು ಎಂಬ ನಿಯಮವಿತ್ತು. ಎಲ್ಲರೂ ಒಯ್ಯುತ್ತಿದ್ದರು. ಕಾರಿನ ಹಿಂದಿನ ಸೀಟಿನಲ್ಲಿಟ್ಟುಕೊಂಡು ಹೋದರೆ ಯಾರೂ ನಿಲ್ಲಿಸಿ ಕೇಳುವುದಿಲ್ಲ. ಹೆಂಡತಿ ನನ್ನ ಮುಖ ನೋಡಿದಳು. ನಾನು ತುಂಬ ಹೊತ್ತು ಸಸಿಯನ್ನೇ ನೋಡಿದೆ. ಮೂರು ಜೊತೆ ಎಲೆ ಬಿಟ್ಟಿತ್ತು.

"ಒಯ್ಯೋ ಹಾಗಿಲ್ಲ ಆಂಟಿ" ಎಂದೆ.

"ಗೊತ್ತಿತ್ತು ತಮ್ಮಾ. ಆದ್ರೂ ತಂದೆ" ಎಂದರು. ಕುಂಡವನ್ನು ಕೆಳಗಿಡಲಿಲ್ಲ. ಮಗುವನ್ನು ಹಿಡಿದ ಹಾಗೆ ಸೊಂಟಕ್ಕೆ ಒತ್ತಿ ಹಿಡಿದುಕೊಂಡೇ ಕಾರಿನವರೆಗೂ ಬಂದು ನಿಂತರು.

ಫ್ರಿಸ್ಕೋದಲ್ಲಿದ್ದಾಗ ನನಗೆ ಕೆಲಸ ಮಾಡುವ ಪರವಾನಗಿ ಬಂತು. ಕೆಲಸದ ಅರ್ಜಿಯ ಜೊತೆ ಆ ಎಣಿಕೆಯ ಹಾಳೆಗಳನ್ನು ಕಳಿಸಿದ್ದೆ, ಅಧಿಕಾರಿ ನನ್ನ ಪರವಾಗಿ ಒಂದು ಪತ್ರ ಬರೆದುಕೊಟ್ಟಿದ್ದರು. ಅದರಿಂದ ಆಸ್ಟಿನ್‌ನ ಉತ್ತರಕ್ಕೆ ತರಕಾರಿ ಬೆಳೆಯುವ ಒಂದು ದೊಡ್ಡ ಹಸಿರುಮನೆಯಲ್ಲಿ ಕೆಲಸ ಸಿಕ್ಕಿತು. ಹೆಂಡತಿ ಅಲ್ಲೇ ಹತ್ತಿರದ ರೌಂಡ್ ರಾಕ್‌ನ ಆಸ್ಪತ್ರೆಗೆ ಬದಲಾಯಿಸಿಕೊಂಡಳು. ಈಗ ಅದೇ ಕಡೆಯ ಲಿಯಾಂಡರ್‌ನಲ್ಲಿ ಮನೆ. ಟೊಮೆಟೊ ಬಳ್ಳಿಗಳಿಗೆ ಬಿಳಿನೊಣ ಬಂದರೆ ಅದರ ಕಣಜವನ್ನು ಬಿಡುವುದು ನನ್ನ ಕೆಲಸ.

ಒಂದು ಚಳಿಗಾಲ ಟೆಕ್ಸಾಸಿಗೆಲ್ಲ ಹಿಮ ಬಿದ್ದು ದಿನಗಟ್ಟಲೆ ಕರೆಂಟು ಹೋಯಿತು. ಚಾದರ ಹೊದಿಸಿದರೂ ಪ್ರಯೋಜನವಾಗದೆ ಆಂಟಿಯ ಗಿಡ ಬುಡದವರೆಗೂ ಕಪ್ಪಾಯಿತು. ಫೋನಿನಲ್ಲಿ ಅವರು ಅಳಲಿಲ್ಲ. "ಹುಳಾನೂ ಹೋತು, ಕಣಜಾನೂ ಹೋತು" ಎಂದಷ್ಟೇ ಹೇಳಿದರು. ಬೇಸಿಗೆಗೆ ಬೇರಿನಿಂದ ನಾಲ್ಕು ಮೊಳಕೆ ಎದ್ದವಂತೆ. ಅವು ದೊಡ್ಡವಾಗುವಷ್ಟರಲ್ಲಿ ಮಗಳು ಬಂದು ಅವರನ್ನು ಫ್ರಿಸ್ಕೋಗೆ ಕರೆದುಕೊಂಡು ಹೋದಳು. ಮನೆ ಕೊಂಡವರು ಮೊಳಕೆಗಳನ್ನು ಇಟ್ಟುಕೊಂಡರೋ ಕಿತ್ತರೋ, ಆಂಟಿ ವಿಚಾರಿಸಲಿಲ್ಲ, ನಾನೂ ವಿಚಾರಿಸಲಿಲ್ಲ.

ಡಲ್ಲಾಸ್ ಕಡೆ ಹೋದಾಗಲೆಲ್ಲ ಅವರನ್ನು ನೋಡಿ ಬರುತ್ತೇನೆ. ಹೋದ ತಿಂಗಳು ಹೋದಾಗ ಸಂಜೆ ಅವರ ಜೊತೆ ವಾಕಿಂಗ್ ಹೊರಟೆ. ಅಲ್ಲಿ ಎಲ್ಲ ಹೊಸ ಮನೆಗಳು, ಕಂಬಕ್ಕೆ ಕಟ್ಟಿ ನಿಲ್ಲಿಸಿದ ಸಣ್ಣ ಮರಗಳು. ಈಗ ಅವರ ಕೈಯಲ್ಲಿ ಕೋಲಿದೆ, ಕಣ್ಣಿನ ಆಪರೇಷನ್ ಆಗಿದೆ. ಪ್ರತಿ ಮರದ ಹತ್ತಿರವೂ ನಿಂತು, ಕೋಲನ್ನು ನನ್ನ ಕೈಗೆ ಕೊಟ್ಟು, ಒಂದು ಎಲೆ ತಿರುಗಿಸಿ ಅಡಿ ನೋಡುತ್ತಿದ್ದರು. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬರು ಏನಾದರೂ ಕಳೆದಿದೆಯೇ ಎಂದು ಕೇಳಿದರು. ಇಲ್ಲ, ಸುಮ್ಮನೆ ನೋಡುತ್ತಿದ್ದೇವೆ ಎಂದೆ. ಅಷ್ಟರಲ್ಲಿ ಆಂಟಿ ಒಂದು ಎಲೆಯನ್ನು ನನ್ನ ಕಡೆ ಬಗ್ಗಿಸಿ, "ಇದು ಯಾವುದರ ಮೊಟ್ಟಿ?" ಎಂದರು. ಕನ್ನಡಕ ಹಾಕಿಕೊಂಡು ನೋಡಿದೆ. ನನಗೂ ಗೊತ್ತಾಗಲಿಲ್ಲ. ಎಲೆ ಕೀಳದೆ, ಇಬ್ಬರೂ ಅಲ್ಲೇ ನಿಂತು ನೋಡಿದೆವು.